ರಕ್ತನಂಜಿನ ಡಿಎನ್‌ಎ ಪರೀಕ್ಷೆ: ರೋಗಿಯ ಭವಿಷ್ಯವನ್ನು ಹೇಳಬಲ್ಲದೆ?

ಸೋಂಕು ತಗಲಿದಾಗ ಅದನ್ನು ಎದುರಿಸಬೇಕಾದ ದೇಹದ ಪ್ರತಿಕ್ರಿಯೆಯೇ ಹದ ತಪ್ಪಿ, ಮೂತ್ರಪಿಂಡ, ಶ್ವಾಸಕೋಶ ಮೊದಲಾದ ಅಂಗಗಳು ಸೋಲತೊಡಗುವ ಸ್ಥಿತಿಗೆ ಸೆಪ್ಸಿಸ್ ಅಥವಾ ನಂಜು ಎಂದು ಹೆಸರು. 2017ರಲ್ಲಿ ಜಗತ್ತಿನಾದ್ಯಂತ ಸುಮಾರು 4.89 ಕೋಟಿ ಮಂದಿ ಇದಕ್ಕೆ ತುತ್ತಾದರು, ಸುಮಾರು 1.1 ಕೋಟಿ ಮಂದಿ ಸತ್ತರು ಎಂದು ಅಂದಾಜಿದೆ. ಆದ್ದರಿಂದ ನಂಜಿನ ರೋಗಿಗಳಲ್ಲಿ ಯಾರು ಹೆಚ್ಚು ಅಪಾಯದಲ್ಲಿದ್ದಾರೆ ಎಂದು ಬೇಗ ತಿಳಿಸುವ ಪರೀಕ್ಷೆಯೊಂದು ಸಿಕ್ಕಿದೆ ಎಂದರೆ ಎಲ್ಲರ ಕಿವಿಯೂ ನೆಟ್ಟಗಾಗುವುದು ಸಹಜ. ಅಂತಹ ಒಂದು ಅಧ್ಯಯನವನ್ನು ನಿಮ್ಮೊಡನೆ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಎರಡು ಪರೀಕ್ಷೆಗಳು

ರೋಗಾಣುವನ್ನು ಗುರುತಿಸಲು ಬಹುಕಾಲದಿಂದ ಬಳಕೆಯಲ್ಲಿರುವುದು ರಕ್ತದ ಕಲ್ಚರ್. ರಕ್ತವನ್ನು ಪೋಷಕ ದ್ರವವಿರುವ ಸೀಸೆಗೆ ಹಾಕಿ, ಬೆಚ್ಚಗಿಟ್ಟು, ಬ್ಯಾಕ್ಟೀರಿಯಾ ಬೆಳೆಯುವುದನ್ನು ಕಾಯುತ್ತಾರೆ. ಇದಕ್ಕೆ ದಿನಗಳೇ ಬೇಕು. ರೋಗಿಗೆ ಆಗಲೇ ಆಂಟಿಬಯಾಟಿಕ್ ಕೊಟ್ಟಿದ್ದರೆ ಏನೂ ಬೆಳೆಯದೆ ಇರಬಹುದು.

ಡಿಎನ್‌ಎ ಪರೀಕ್ಷೆ ಬೆಳವಣಿಗೆಗೆ ಕಾಯುವುದಿಲ್ಲ. ರೋಗಾಣುವಿನ ಡಿಎನ್‌ಎಯ ಆಯ್ದ ತುಣುಕನ್ನು ಪಿಸಿಆರ್ ವಿಧಾನದಿಂದ ಸುತ್ತು ಸುತ್ತಿಗೂ ಇಮ್ಮಡಿಗೊಳಿಸುತ್ತಾರೆ. ಆದರ್ಶ ಸ್ಥಿತಿಯಲ್ಲಿ 30 ಸುತ್ತುಗಳ ನಂತರ ಒಂದು ತುಣುಕು ಸುಮಾರು 107 ಕೋಟಿಯಾಗುತ್ತದೆ. ನಾವು ಚರ್ಚಿಸಲಿರುವ ಅಧ್ಯಯನದಲ್ಲಿ ಈ ತುಣುಕುಗಳಿಗೆ ವಿದ್ಯುದಂಶ ಕೊಟ್ಟು, ದ್ರವ್ಯರಾಶಿ ರೋಹಿತಮಾಪಕದಲ್ಲಿ ತೂಗಿ, ಅವುಗಳಲ್ಲಿ ಎ, ಟಿ, ಜಿ, ಸಿ ಪ್ರತ್ಯಾಮ್ಲಗಳು ತಲಾ ಎಷ್ಟಿವೆ ಎಂದು ಲೆಕ್ಕ ಹಾಕಲಾಯಿತು. ಆ ಲೆಕ್ಕವೇ ರೋಗಾಣುವಿನ ಗುರುತು. ಭೌತವಿಜ್ಞಾನದ ಉಪಕರಣವೊಂದು ಆಸ್ಪತ್ರೆಗೆ ಬಂದ ಸೊಗಸಾದ ಉದಾಹರಣೆ ಇದು. ಇದೇ ತಂತ್ರದ ಯಂತ್ರ ‘ಐರಿಡಿಕಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದು, 2017ರಲ್ಲಿ ಹಿಂತೆಗೆಯಲ್ಪಟ್ಟಿತು. ಅದು ಎತ್ತಿದ ಪ್ರಶ್ನೆ ಮಾತ್ರ ಇಂದಿನ ಡಿಎನ್‌ಎ ಪರೀಕ್ಷೆಗಳಿಗೂ ಅನ್ವಯಿಸುತ್ತದೆ.

ಅಧ್ಯಯನ ಕಂಡದ್ದು

ಓಡ್ವೈರ್ ಮತ್ತು ಸಂಗಡಿಗರು 2017ರಲ್ಲಿ ‘ಕ್ಲಿನಿಕಲ್ ಮೈಕ್ರೋಬಯಾಲಜಿ ಅಂಡ್ ಇನ್‌ಫೆಕ್ಷನ್’ ಪತ್ರಿಕೆಯಲ್ಲಿ ಯುರೋಪಿನ ತೀವ್ರನಿಗಾ ಘಟಕಗಳ 439 ರೋಗಿಗಳ ವಿವರ ಪ್ರಕಟಿಸಿದರು. ಕಲ್ಚರ್ ಪಾಸಿಟಿವ್ ಬಂದದ್ದು 56 ಮಂದಿಗೆ. ಡಿಎನ್‌ಎ ಪರೀಕ್ಷೆ ಪಾಸಿಟಿವ್ ಬಂದದ್ದು 177 ಮಂದಿಗೆ. 28 ದಿನಗಳೊಳಗೆ ಸತ್ತವರ ಪ್ರಮಾಣ ಹೀಗಿತ್ತು: ಕಲ್ಚರ್ ಪಾಸಿಟಿವ್ ಆದವರಲ್ಲಿ ಶೇಕಡಾ 35, ನೆಗೆಟಿವ್ ಆದವರಲ್ಲಿ 32, ಡಿಎನ್‌ಎ ಪಾಸಿಟಿವ್ ಆದವರಲ್ಲಿ 42, ನೆಗೆಟಿವ್ ಆದವರಲ್ಲಿ 26. ರೋಗಾಣುವಿನ ಡಿಎನ್‌ಎ ಸಾವಿನೊಡನೆ ಸಂಬಂಧ ಹೊಂದಿದೆ, ಕಲ್ಚರ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ ಹೊಂದಿಲ್ಲ ಎಂದು ಪ್ರಬಂಧದ ಶೀರ್ಷಿಕೆಯೇ ಸಾರಿತು.

‘ಇಲ್ಲ’ ಎನ್ನಬಹುದೆ?

ಮೊದಲು ಆ ‘ಇಲ್ಲ’ವನ್ನು ಪರೀಕ್ಷಿಸೋಣ. ಪ್ರಯೋಗಾಲಯದಲ್ಲಿ ಅಳತೆಯ ಜೊತೆಗೆ ದೋಷವನ್ನೂ ಬರೆಯಬೇಕೆಂದು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತೇವೆ. ಅನುಪಾತವೊಂದರ ಪ್ರಮಾಣಿತ ದೋಷವನ್ನು ಕಂಡುಹಿಡಿಯುವುದು ಸುಲಭ: ಅನುಪಾತವನ್ನು, ಒಂದರಿಂದ ಅದನ್ನು ಕಳೆದು ಉಳಿದುದರಿಂದ ಗುಣಿಸಿ, ಜನಸಂಖ್ಯೆಯಿಂದ ಭಾಗಿಸಿ, ವರ್ಗಮೂಲ ತೆಗೆಯಿರಿ. ಕಲ್ಚರ್ ಪಾಸಿಟಿವ್ ಗುಂಪಿನಲ್ಲಿ ಕೇವಲ 56 ಮಂದಿ ಇರುವುದರಿಂದ ದೋಷ ದೊಡ್ಡದಾಗುತ್ತದೆ. ಕಲ್ಚರ್‌ನ ವ್ಯತ್ಯಾಸ 3 ± 6.8 ಅಂಶಗಳು. ಡಿಎನ್‌ಎಯ ವ್ಯತ್ಯಾಸ 16 ± 4.6 ಅಂಶಗಳು. ಶೇಕಡಾ 95ರ ವಿಶ್ವಾಸದಲ್ಲಿ ಮೊದಲನೆಯದು −10ರಿಂದ +16ರವರೆಗೆ, ಎರಡನೆಯದು 7ರಿಂದ 25ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಎರಡು ವ್ಯಾಪ್ತಿಗಳೂ ಒಂದರ ಮೇಲೊಂದು ಬೀಳುವುದನ್ನು ಗಮನಿಸಿ. ಕಲ್ಚರ್‌ಗೂ ಸಾವಿಗೂ ಸಂಬಂಧ ‘ಕಾಣಲಿಲ್ಲ’ ಎನ್ನುವುದು ಸರಿ; ‘ಇಲ್ಲ’ ಎನ್ನಲು ಈ 56 ಮಂದಿ ಸಾಲದು.

ಗುಂಪಿನ ಸರಾಸರಿ, ಒಬ್ಬರ ಭವಿಷ್ಯ

ಎರಡನೆಯದು ಇನ್ನೂ ಮುಖ್ಯ. 16 ಅಂಶಗಳ ವ್ಯತ್ಯಾಸ ಆಕಸ್ಮಿಕವಿರಲಾರದು. ಆದರೆ ಮಂಚದ ಮೇಲೆ ಮಲಗಿರುವ ಒಬ್ಬ ರೋಗಿಯ ಬಗ್ಗೆ ಅದು ಏನು ಹೇಳುತ್ತದೆ? ಶೇಕಡಾವಾರನ್ನು ಸಂಖ್ಯೆಗಳಿಗೆ ಇಳಿಸಿ ನೋಡಿ. ಪಾಸಿಟಿವ್ ಬಂದ 177 ಮಂದಿಯಲ್ಲಿ ಸುಮಾರು 74 ಮಂದಿ ಸತ್ತರು, 103 ಮಂದಿ ಬದುಕಿದರು. ನೆಗೆಟಿವ್ ಬಂದ 262 ಮಂದಿಯಲ್ಲಿ ಸುಮಾರು 68 ಮಂದಿ ಸತ್ತರು. ಅಂದರೆ ಒಟ್ಟು 142 ಸಾವುಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ‘ನೆಗೆಟಿವ್’ ಗುಂಪಿನಲ್ಲೇ ಆದವು.

‘ಪಾಸಿಟಿವ್ ಆದವರು ಸಾಯುತ್ತಾರೆ, ನೆಗೆಟಿವ್ ಆದವರು ಬದುಕುತ್ತಾರೆ’ ಎಂದು ಈ ಪರೀಕ್ಷೆಯನ್ನು ನಂಬಿ ಭವಿಷ್ಯ ನುಡಿದಿದ್ದರೆ 439ರಲ್ಲಿ ಸುಮಾರು 268 ಸಲ ಸರಿಯಾಗುತ್ತಿತ್ತು. ಯಾವ ಪರೀಕ್ಷೆಯನ್ನೂ ಮಾಡದೆ ‘ಎಲ್ಲರೂ ಬದುಕುತ್ತಾರೆ’ ಎಂದಿದ್ದರೆ 297 ಸಲ ಸರಿಯಾಗುತ್ತಿತ್ತು! ಎರಡನೆಯ ಮಾತು ವೈದ್ಯರಿಗೆ ಉಪಯೋಗವಿಲ್ಲದ್ದು, ನಿಜ. ಆದರೆ ಸಂಬಂಧ ಬೇರೆ, ಮುನ್ಸೂಚನೆ ಬೇರೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ.

ಮೂರನೆಯದಾಗಿ, ಡಿಎನ್‌ಎ ಪಾಸಿಟಿವ್ ಬಂದವರ ‘ಸೋಫಾ’ ಅಂಕ, ಅಂದರೆ ಅಂಗಗಳು ಎಷ್ಟು ಸೋತಿವೆ ಎಂಬುದರ ಅಳತೆ, ಅಧ್ಯಯನಕ್ಕೆ ಸೇರುವಾಗಲೇ ಹೆಚ್ಚಾಗಿತ್ತು. ಅವರು ಮೊದಲೇ ಹೆಚ್ಚು ಅಸ್ವಸ್ಥರು. ಇಂತಹ ವ್ಯತ್ಯಾಸವನ್ನು ಲೆಕ್ಕದಲ್ಲಿ ಸರಿದೂಗಿಸುವ ವಿಧಾನಗಳಿವೆ. ಆದರೆ ಅಳೆದದ್ದನ್ನು ಮಾತ್ರ ಸರಿದೂಗಿಸಬಹುದು, ಅಳೆಯದೆ ಬಿಟ್ಟದ್ದನ್ನಲ್ಲ.

ಅಧ್ಯಯನದ ನಿಜವಾದ ಬೆಲೆ

ಹಾಗಾದರೆ ಈ ಅಧ್ಯಯನ ವ್ಯರ್ಥವೆ? ಖಂಡಿತ ಅಲ್ಲ. ಕಲ್ಚರ್ ಶೇಕಡಾ 13 ಮಂದಿಯಲ್ಲಿ ರೋಗಾಣು ತೋರಿಸಿದರೆ ಡಿಎನ್‌ಎ ಪರೀಕ್ಷೆ ಶೇಕಡಾ 40 ಮಂದಿಯಲ್ಲಿ ತೋರಿಸಿತು. ಈ ಹೆಚ್ಚುವರಿ ಪಾಸಿಟಿವ್‌ಗಳು ಕಲಬೆರಕೆಯಿಂದ ಬಂದ ಸುಳ್ಳು ಸಂಕೇತಗಳೆ, ನಿಜವಾದ ಸೋಂಕಿನ ಗುರುತೆ? ಹಳೆಯ ಅಳತೆಗೋಲೇ ಸೊಟ್ಟಗಿರುವಾಗ ಹೊಸದನ್ನು ಅದರಿಂದಲೇ ತಾಳೆ ನೋಡಲಾಗದು. ಸ್ವತಂತ್ರವಾದ ಮೂರನೆಯ ಪರಿಮಾಣ ಬೇಕು. ಇಲ್ಲಿ ಆ ಪರಿಮಾಣ ಸಾವು. ಎಲ್ಲವೂ ಬರಿಯ ಗದ್ದಲವಾಗಿದ್ದರೆ 42 ಮತ್ತು 26 ಎಂಬ ಅಂತರ ಬರುತ್ತಿರಲಿಲ್ಲ. ಡಿಎನ್‌ಎ ಪರೀಕ್ಷೆ ನಿಜವಾದುದನ್ನೇನೋ ಅಳೆಯುತ್ತಿದೆ ಎಂಬುದಕ್ಕೆ ಇದು ಒಳ್ಳೆಯ ಸಾಕ್ಷ್ಯ. ಅಧ್ಯಯನ ಉತ್ತರಿಸಿದ್ದು ಈ ಪ್ರಶ್ನೆಯನ್ನು. ‘ಯಾರು ಸಾಯುತ್ತಾರೆ’ ಎಂಬುದನ್ನಲ್ಲ.

ವರದಿ ಬೇಗ ಬಂದರೆ ಜೀವ ಉಳಿಯುತ್ತದೆಯೆ ಎಂಬುದು ಮತ್ತೂ ಬೇರೆಯ ಪ್ರಶ್ನೆ. ಅದಕ್ಕೆ ರೋಗಿಗಳನ್ನು ಯಾದೃಚ್ಛಿಕವಾಗಿ ಗುಂಪು ಮಾಡಿ ಹೋಲಿಸಬೇಕು. 2015ರಲ್ಲಿ ಬ್ಯಾನರ್ಜಿ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ ಅಂತಹ ಅಧ್ಯಯನದಲ್ಲಿ, ಕಲ್ಚರ್ ಪಾಸಿಟಿವ್ ಬಂದ ಸೀಸೆಗಳ ಮೇಲೆ ಶೀಘ್ರ ಪಿಸಿಆರ್ ಮಾಡಿದಾಗ ಆಂಟಿಬಯಾಟಿಕ್‌ಗಳ ಆಯ್ಕೆ ಸುಧಾರಿಸಿತು. ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ.

ಈ ವಿವೇಚನೆ ಕೇವಲ ಗಣಿತದ ಕಸರತ್ತಲ್ಲ. ದಿನದ ಲೆಕ್ಕದಲ್ಲಿ ಹಣ ಕಟ್ಟಿ ತೀವ್ರನಿಗಾ ಘಟಕದ ಹೊರಗೆ ಕುಳಿತ ಕುಟುಂಬಕ್ಕೆ ‘ಪಾಸಿಟಿವ್ ಬಂದಿದೆ, ಇನ್ನು ಆಸೆ ಕಡಿಮೆ’ ಎಂಬ ಒಂದು ಮಾತು ಸಾಕು, ಚಿಕಿತ್ಸೆ ನಿಲ್ಲಿಸಲು. ಬದುಕಿದ ಆ 103 ಮಂದಿಗೂ ಅದೇ ವರದಿ ಬಂದಿತ್ತು. ಅತ್ತ ‘ನೆಗೆಟಿವ್’ ಎಂದು ನಿಗಾ ಸಡಿಲಿಸಿದರೆ ಆ 68 ಮಂದಿಯ ನೆನಪಿರಲಿ. ಅಧ್ಯಾಪಕರು ಈ ನಾಲ್ಕು ಶೇಕಡಾವಾರುಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ವಿದ್ಯಾರ್ಥಿಗಳಿಂದಲೇ ಅವನ್ನು ತಲೆಎಣಿಕೆಗೆ ಇಳಿಸಲಿ. ಶೇಕಡಾವಾರಿನ ಹಿಂದಿರುವ ಮನುಷ್ಯರು ಆಗ ಕಾಣಿಸುತ್ತಾರೆ.