ವಿರೋಧಿರಸಗಳೂ ವ್ಯಂಗ್ಯಚಿತ್ರವೂ

ಹಾಸ್ಯಕ್ಕೆ ಕರುಣವೂ ಭಯಾನಕವೂ ವಿರೋಧಿರಸಗಳೆಂಬುದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನ ಮತ. ಕ್ಷೋಭೆಯ ಕಾಲದ ರಾಜಕೀಯ ವ್ಯಂಗ್ಯಚಿತ್ರವು ಈ ಮತವನ್ನು ಪರೀಕ್ಷೆಗೊಡ್ಡುತ್ತದೆ.

1938ರ ಏಪ್ರಿಲಿನಲ್ಲಿ ಮಂಡ್ಯ ಸೀಮೆಯ ಮದ್ದೂರಿನ ಬಳಿ, ಶಿವಪುರದಲ್ಲಿ, ಮೈಸೂರು ಕಾಂಗ್ರೆಸ್ಸಿನವರು ಪ್ರತಿಬಂಧಕಾಜ್ಞೆಯನ್ನು ಮೀರಿ ತ್ರಿವರ್ಣಧ್ವಜವನ್ನೇರಿಸಿ ಸೆರೆಯಾದರು. ಒಂದು ತುಂಡು ಬಟ್ಟೆಗೆ ಸರ್ಕಾರವೊಂದು ಅಂಜಿದುದು ಹಾಸ್ಯಕ್ಕೆ ತಕ್ಕ ವಿಭಾವವೇ ಸರಿ. ಆದರೆ ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಧ್ವಜದ ನಿಮಿತ್ತವಾಗಿಯೇ ಗುಂಡು ಹಾರಿ ಜನರು ಮಡಿದರು. ನಗೆಯ ವಸ್ತುವೇ ಶೋಕದ ವಸ್ತುವಾಯಿತು. ಈ ಎರಡನ್ನೂ ಒಂದೇ ರೇಖೆಯಲ್ಲಿ ಹಿಡಿಯುವುದು ಕರಾಳಹಾಸ್ಯದ ಲಕ್ಷಣ.

1942ರಲ್ಲಿ ರಾಶಿಯವರು ಆರಂಭಿಸಿದ ‘ಕೊರವಂಜಿ’ಯು, ಆರ್. ಕೆ. ಲಕ್ಷ್ಮಣರ ಎಳೆಯ ಕೈಯ ಚಿತ್ರಗಳಿಗೂ ಎಡೆಗೊಟ್ಟು, ಕನ್ನಡಿಗರಿಗೆ ಸಭ್ಯವಾದ ನಗೆಯ ರುಚಿ ಹತ್ತಿಸಿತು. ಆದರೂ ಆ ನಗೆ ಗಾಯವನ್ನು ಕೆದಕುವುದಕ್ಕಿಂತ ಸವರುವುದೇ ಹೆಚ್ಚು. 1975ರ ತುರ್ತುಪರಿಸ್ಥಿತಿಯಲ್ಲಿ ಅಬು ಅಬ್ರಹಾಂ ಬರೆದ ಚಿತ್ರದ ಬಗೆ ಬೇರೆ. ಅಲ್ಲಿ ರಾಷ್ಟ್ರಪತಿಗಳು ಸ್ನಾನದ ತೊಟ್ಟಿಯಲ್ಲಿದ್ದುಕೊಂಡೇ ಸುಗ್ರೀವಾಜ್ಞೆಗೆ ಸಹಿ ಹಾಕುತ್ತಾರೆ. ನೋಡುವವನು ಮೊದಲು ನಗುತ್ತಾನೆ. ಆ ಕಾಗದ ತನ್ನ ಹಕ್ಕಿನ ಮಾತೆಂದರಿತು ಬಳಿಕ ಬೆಚ್ಚುತ್ತಾನೆ.

ಆದುದರಿಂದ ವಿಶ್ವನಾಥನ ಮತವು ಬಿದ್ದುಹೋಗಲಿಲ್ಲ. ವಿರೋಧಿರಸಗಳು ಇಲ್ಲಿ ಬೆರೆಯುವುದಿಲ್ಲ. ಶಿವಪುರದ ಹಿಂದೆಯೇ ವಿದುರಾಶ್ವತ್ಥವು ಬಂದಂತೆ ಒಂದರ ಬೆನ್ನಿಗೆ ಇನ್ನೊಂದು ಬರುವುದು.