ಕಿರುತಟ್ಟೆಗಳೂ ‘ಬೆಳವಣಿಗೆ’ಯೆಂಬ ಮಾತೂ

ನೆತ್ತರಿನ ಪ್ಲೇಟ್‌ಲೆಟ್ಟುಗಳನ್ನು ಕನ್ನಡದಲ್ಲಿ ಕಿರುತಟ್ಟೆಗಳೆನ್ನುವುದು ರೂಢಿಯಾಗಿದೆ. ಆಕಾರವನ್ನು ಹಿಡಿದಿಟ್ಟ ಈ ಹೆಸರಿನಲ್ಲಿ ದೋಷವಿಲ್ಲ. ಆದರೆ ನೆತ್ತರು ಹೆಪ್ಪುಗಟ್ಟುವಾಗ ಅವು ಹೊರಚೆಲ್ಲುವ ದ್ರವ್ಯಗಳನ್ನು ‘ಬೆಳವಣಿಗೆಯ ಅಂಶ’ಗಳೆಂದು ಬರೆಯುವುದು ವಿಚಾರಾರ್ಹವಾಗಿದೆ. ಅಂಶವೆಂದರೆ ಭಾಗ; ಇಲ್ಲಿ ವಿವಕ್ಷಿತವಾದುದು ಕಾರ್ಯವನ್ನು ಮಾಡಿಸತಕ್ಕ ವಸ್ತು. ‘ಕಾರಕ’ವೆಂದರೆ ಈ ತೊಡಕು ನೀಗುವುದು. ‘ಬೆಳವಣಿಗೆ’ಯದು ಅಷ್ಟು ಸುಲಭವಾಗಿ ನೀಗತಕ್ಕದ್ದಲ್ಲ.

1974ರಲ್ಲಿ ರಸೆಲ್ ರಾಸ್ ಮೊದಲಾದವರು ಕೋತಿಯ ರಕ್ತನಾಳದ ಸ್ನಾಯುಕೋಶಗಳನ್ನು ಪಾತ್ರೆಯಲ್ಲಿ ಸಾಕಿ ಪರೀಕ್ಷಿಸಿದರು. ಹೆಪ್ಪುಗಟ್ಟಿದ ನೆತ್ತರಿನಿಂದ ಬಸಿದ ರಸದಲ್ಲಿ ಕೋಶಗಳು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಿದುವು; ಕಿರುತಟ್ಟೆಗಳನ್ನು ಮೊದಲೇ ತೆಗೆದು ಮಾಡಿದ ರಸದಲ್ಲಿ ಅಷ್ಟಾಗಿ ಹೆಚ್ಚಲಿಲ್ಲ; ಕಿರುತಟ್ಟೆಗಳ ದ್ರವ್ಯವನ್ನು ಕೂಡಿಸಿದಾಗ ಮರಳಿ ಹೆಚ್ಚಿದುವು. ಇಲ್ಲಿ ಗಣನೆಗೆ ಬಂದುದು ಕೋಶಗಳ ಗಾತ್ರವಲ್ಲ, ಸಂಖ್ಯೆ. ಈ ಭೇದವು ಕನ್ನಡಕ್ಕೆ ಹೊಸದೂ ಅಲ್ಲ. ಕೃಷ್ಣಾತೀರದ ಹಿಪ್ಪರಗಿಯ ಕಡೆ ಕಬ್ಬಿನ ಬುಡದಲ್ಲಿ ಹೊಸ ಕುಡಿಗಳೆದ್ದರೆ ‘ಮರಿ ಒಡೆಯಿತು’ ಎನ್ನುವರು. ಗಳೆ ಉದ್ದವಾದರೆ ‘ಬೆಳೆಯಿತು’ ಎನ್ನುವರು. ಹೊಲದಲ್ಲಿ ನಿಚ್ಚಳವಾಗಿರುವ ಈ ವಿವೇಕವು ಶಾಸ್ತ್ರಗ್ರಂಥಗಳಲ್ಲಿ ಏಕೆ ಮಸುಕಾಗಬೇಕು?

‘ವೃದ್ಧಿಕಾರಕ’ವೆನ್ನಬಹುದೆಂಬ ಪಕ್ಷವುಂಟು. ವೃದ್ಧಿಯೆಂದೊಡನೆ ವೈಯಾಕರಣರಿಗೆ ಆ, ಐ, ಔಗಳೇ ತೋರುವುವು, ಅದಿರಲಿ. ಮಾನವನ ಕಿರುತಟ್ಟೆಗಳಿಂದಲೇ 1983ರಲ್ಲಿ ಶೋಧಿಸಿ ತೆಗೆದ ಟಿ.ಜಿ.ಎಫ್.-ಬೀಟಾ ಎಂಬುದು ಹೆಸರಿನಿಂದ ವೃದ್ಧಿಕಾರಕವಾಗಿದ್ದರೂ ಚರ್ಮದ ಹೊರಪದರದ ಕೋಶಗಳ ಹೆಚ್ಚಳವನ್ನು ತಡೆಯುವುದು! ರಾಸ್ ಕಂಡ ಕಾರಕವಾದ ಪಿ.ಡಿ.ಜಿ.ಎಫ್. ಆದರೋ, ಕೋತಿಗಳಲ್ಲಿ ಗಂತಿಯನ್ನುಂಟುಮಾಡುವ ಒಂದು ವೈರಸ್ಸಿನ ಪ್ರೋಟೀನನ್ನು ರಚನೆಯಲ್ಲಿ ಹೋಲುವುದೆಂದು ಅದೇ ವರ್ಷ ತಿಳಿದುಬಂದಿತು. ಮೂಲದ ಇಂಗ್ಲಿಷ್ ಹೆಸರೇ ಸಡಿಲವಾದುದು. ಆ ಸಡಿಲವನ್ನೂ ನಾವು ಭಾಷಾಂತರಿಸಿಕೊಳ್ಳಬೇಕಾಗಿಲ್ಲ. ತಮ್ಮದೇ ನೆತ್ತರಿನ ಕಿರುತಟ್ಟೆಗಳನ್ನು ಕೀಲಿಗೋ ನೆತ್ತಿಗೋ ಚುಚ್ಚಿಸಿಕೊಳ್ಳುವವರು ಈ ಕಾಲದಲ್ಲಿ ಅನೇಕರು. ಅವರು ‘ಬೆಳವಣಿಗೆ’ಯೆಂಬ ಮಾತನ್ನೇ ಫಲದ ಭರವಸೆಯೆಂದು ಗ್ರಹಿಸಿದರೆ ತಪ್ಪು ಅವರದಲ್ಲ, ಪದ ಕಟ್ಟಿದವರದು.

ಸುಶ್ರುತಸಂಹಿತೆಯು ಗಾಯ ಮಾಯಿಸುವುದಕ್ಕೆ ‘ರೋಪಣ’ವೆನ್ನುವುದು. ಸಸಿ ನೆಡುವುದಕ್ಕೂ ಅದೇ ಪದ; ‘ರುಹ’ ಧಾತುವಿನಿಂದ ಬಂದ, ಬಹು ರಮ್ಯವಾದ ಮಾತು. ಪಿ.ಡಿ.ಜಿ.ಎಫ್.ನ ಒಂದು ರೂಪವನ್ನು ಮಧುಮೇಹಿಗಳ ಕಾಲಿನ ಹುಣ್ಣಿಗೆ ಲೇಪನವಾಗಿ ಬಳಸಲು ಅಮೆರಿಕದಲ್ಲಿ 1997ರಲ್ಲಿ ಅನುಮತಿ ದೊರೆತುದರಿಂದ ‘ರೋಪಣಕಾರಕ’ವೆಂಬುದು ಮನಸ್ಸನ್ನು ಸೆಳೆಯುವುದು. ಆದರೆ ಅದೇ ಕಾರಕವು ರಕ್ತನಾಳದ ಗೋಡೆ ದಪ್ಪವಾಗುವುದಕ್ಕೂ ನೆರವಾಗುವುದರಿಂದ ಆ ಹೆಸರು ಸಲ್ಲದು. ‘ಕೋಶನಿಯಾಮಕ’ವೆಂದರೆ ಪ್ರೇರಣೆ, ತಡೆ ಎರಡೂ ಅಡಗುವುವು. ಕೋಶಗಳ ಸಂಖ್ಯೆ ಏರುವುದಕ್ಕೆ ‘ಹೆಚ್ಚಳ’, ಗಾತ್ರಕ್ಕೆ ಮಾತ್ರ ‘ಬೆಳವಣಿಗೆ’ ಎಂದು ಪಾಠಪುಸ್ತಕಗಳಲ್ಲಿ ಬೇರ್ಪಡಿಸುವುದು ಯುಕ್ತ.