ಹಕೀಮ್ ಅಬ್ದುಲ್ಲಾನ ಕೊನೆಯ ದಿನಗಳು

ಖಿನ್ನತೆಗೆ ಅಣಬೆಯ ಮದ್ದು, ಆಘಾತಕ್ಕೆ ನಶೆಯ ಗುಳಿಗೆ ಅಂತ ಸುದ್ದಿ ಬರುತ್ತಲೇ ಇರುತ್ತದೆ. ನಮ್ಮಲ್ಲಿ ಕೆಲವರು ಹರಾಮ್ ಅಂತ ಮುಖ ತಿರುಗಿಸುತ್ತಾರೆ, ಕೆಲವರು ಅಮೆರಿಕದವರೇ ಹೇಳಿದಾರಲ್ಲ ಅಂತ ನಂಬಿಬಿಡುತ್ತಾರೆ. ನೀವು ಯಾವ ಕಡೆಯವರಾದರೂ ಸರಿ, ಒಂದು ಹಳೆಯ ಬರಹ ಓದಿ: ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಐರಿಶ್ ವೈದ್ಯ ಓಶಾನೆಸ್ಸಿ 1839ರಲ್ಲಿ ಗಾಂಜಾ ಕುರಿತು ಬರೆದ ಪ್ರಬಂಧ. ಗಾಂಜಾ ಬೇರೆ, ಅಣಬೆಯ ಸೈಲೋಸೈಬಿನ್ ಬೇರೆ. ಮಿದುಳಿನಲ್ಲಿ ಅವು ಹಿಡಿಯುವ ಗ್ರಾಹಕಗಳೂ ಬೇರೆ. ಆದರೆ ಪ್ರಜ್ಞೆಯನ್ನೇ ಬದಲಿಸುವ ವಸ್ತು ಮದ್ದಾದೀತೇ ಎಂಬ ಪ್ರಶ್ನೆ ಒಂದೇ.

ಇದರಲ್ಲಿ ನನಗೆ ಮೊದಲು ಹಿಡಿಸಿದ್ದು ಲೇಖಕನ ಪ್ರಾಮಾಣಿಕತೆ. ಹೂಗ್ಲಿ ಇಮಾಂಬಾಡಾದ ಮುತವಲ್ಲಿ ಸೈಯದ್ ಕರಾಮತ್ ಅಲಿ ಮತ್ತು ಟೆಹರಾನಿನ ಒಬ್ಬ ಹಕೀಮರಿಂದ ತಿಳಿದುಕೊಂಡದ್ದನ್ನು ಆತ ಹೆಸರು ಹೇಳಿಯೇ ಒಪ್ಪಿಕೊಳ್ಳುತ್ತಾನೆ. ಈ ಮದ್ದನ್ನು 'ಕಂಡುಹಿಡಿದವನು' ಓಶಾನೆಸ್ಸಿ ಅಂತ ಬರೆಯುವವರು ಈ ಪುಟಗಳನ್ನು ಮಗುಚುವುದೇ ಇಲ್ಲ.

ಮೊದಲು ನಾಯಿಗಳ ಮೇಲೆ ಪರೀಕ್ಷೆ ನಡೆಯುತ್ತದೆ. ಆಮೇಲೆ 1838ರ ನವೆಂಬರಿನಲ್ಲಿ ಸಂಧಿವಾತದ ಮೂವರು ರೋಗಿಗಳಿಗೆ ತಲಾ ಒಂದು ಗ್ರೇನ್, ಅಂದರೆ ಸುಮಾರು 65 ಮಿಲಿಗ್ರಾಂ ರಾಳ. ಮಧ್ಯಾಹ್ನ ಎರಡಕ್ಕೆ ಕುಡಿದ ಒಬ್ಬ ನಾಲ್ಕಕ್ಕೆ ಹಾಡತೊಡಗಿ, ಇನ್ನಷ್ಟು ಊಟ ಕೊಡಿ ಅಂತ ಕೂಗುತ್ತಾನೆ. ರಾತ್ರಿ ಎಂಟಕ್ಕೆ ಮೈಮೇಲೆ ಎಚ್ಚರವಿಲ್ಲ. ಎತ್ತಿಟ್ಟ ಕೈ ಎತ್ತಿದ ಹಾಗೇ ನಿಲ್ಲುತ್ತದೆ. ಬರಹ ಇಲ್ಲಿ ಬಹಳ ಜೀವಂತ. ಆದರೆ ಆ ಮನುಷ್ಯನ ಒಳಗೆ ಏನಾಗುತ್ತಿತ್ತು? ಅವನ ಬಾಯಿಂದ ಒಂದು ಮಾತೂ ನಮಗೆ ಸಿಗುವುದಿಲ್ಲ. ಮಾತಾಡುವವರು ವೈದ್ಯರೊಬ್ಬರೇ. ಮನಸ್ಸಿನ ಮೇಲೆ ಕೆಲಸ ಮಾಡುವ ಮದ್ದಿನ ವರದಿಯಲ್ಲಿ ಇದು ಸಣ್ಣ ಕೊರತೆಯಲ್ಲ.

ಪ್ರಬಂಧದ ಜೀವ ಇರುವುದು ಹಕೀಮ್ ಅಬ್ದುಲ್ಲಾ ಎಂಬ ರೋಗಿಯ ಪ್ರಕರಣದಲ್ಲಿ. ಹುಚ್ಚುನಾಯಿ ಕಡಿದು ರೇಬಿಸ್ ಏರಿತ್ತು, ನೀರು ಕಂಡರೆ ಭಯ. ಗಾಂಜಾ ಕೊಟ್ಟಾಗ ಭಯ ಇಳಿಯಿತು, ಸ್ವಲ್ಪ ತಿನ್ನಲೂ ಆಯಿತು. ಆದರೂ ಅವನು ಸತ್ತ. ರೋಗ ವಾಸಿಯಾಗಲಿಲ್ಲ, ಅದರ ಘೋರ ಮಾತ್ರ ತಗ್ಗಿತು ಎನ್ನುವ ಅರ್ಥದಲ್ಲೇ ಓಶಾನೆಸ್ಸಿ ಬರೆಯುತ್ತಾನೆ. 2016ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನ 51 ಮತ್ತು ನ್ಯೂಯಾರ್ಕಿನ 29 ಕ್ಯಾನ್ಸರ್ ರೋಗಿಗಳಿಗೆ ಸೈಲೋಸೈಬಿನ್ ಕೊಟ್ಟಾಗ ಅಳೆದದ್ದೂ ಇದನ್ನೇ: ಗೆಡ್ಡೆಯನ್ನಲ್ಲ, ಆತಂಕ-ಖಿನ್ನತೆಗಳನ್ನು. ಬಹಳ ಜನರಿಗೆ ಅದು ಇಳಿಯಿತು. ಒಂದು ದೊಡ್ಡ ವ್ಯತ್ಯಾಸವಿದೆ, ನೋಡಿ: ಅಲ್ಲಿ ಮೊದಲೂ ಆಮೇಲೂ ಮಾತುಕತೆ, ಮದ್ದಿನ ಹೊತ್ತು ಪೂರ್ತಿ ಪಕ್ಕದಲ್ಲೇ ಕೂತ ತರಬೇತಾದ ಜನ. ಈ ಭಾಗ ಬಿಟ್ಟು ಗುಳಿಗೆಯ ಹೆಸರಷ್ಟೇ ಬರೆದರೆ ಆ ಸುದ್ದಿ ಅರ್ಧ ಸುಳ್ಳು.

ಇಷ್ಟು ಎಚ್ಚರದ ಓಶಾನೆಸ್ಸಿಯೂ ಕೊನೆಗೆ ಜಾರುತ್ತಾನೆ. ಬೆರಳೆಣಿಕೆಯ ರೋಗಿಗಳನ್ನು ನೋಡಿ, ಸೆಳೆತಕ್ಕೆ ಅಮೂಲ್ಯ ಮದ್ದು ಸಿಕ್ಕಿತು ಅಂತ ಘೋಷಿಸಿಬಿಡುತ್ತಾನೆ. ಹೋಲಿಸಿ ನೋಡಲು ಮದ್ದು ಕೊಡದ ರೋಗಿಗಳ ಗುಂಪೇ ಇಲ್ಲ. ಈಗಿನವರು ಗುಂಪು ಮಾಡುತ್ತಾರೆ, ನಿಜ. ಆದರೆ ನಶೆ ಏರಿದವನಿಗೆ ತನಗೆ ಸಿಕ್ಕಿದ್ದು ಯಾವುದು ಅಂತ ಗೊತ್ತಾಗಿಬಿಡುತ್ತದಲ್ಲ! 2024ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆಘಾತದ ಚಿಕಿತ್ಸೆಗೆ ಎಂಡಿಎಂಎ ಒಪ್ಪದೆ ಇನ್ನೊಂದು ಪರೀಕ್ಷೆ ಕೇಳಿದರು. ಅದಕ್ಕೂ ಮೊದಲು ಅವರ ತಜ್ಞರ ಸಮಿತಿ ಎತ್ತಿದ್ದ ಆಕ್ಷೇಪಗಳಲ್ಲಿ ಇದೂ ಒಂದು.